ಎರಡನೇ ಬ್ರೇಕು

ಡ್ರೈವಿಂಗ್ ಕಲಿಸುವ ಕಾರಿನಲ್ಲಿ ಬ್ರೇಕು ಎರಡು. ಒಂದು ಕಲಿಯುವವರ ಕಾಲಡಿ, ಇನ್ನೊಂದು ಪಕ್ಕದಲ್ಲಿ ಕೂತ ಮೇಷ್ಟ್ರ ಕಾಲಡಿ. ಕಲಿಯುವವರು ಗಾಬರಿಬಿದ್ದು ಎದುರಿನ ಅಂಗಡಿಗೇ ನುಗ್ಗಹೊರಟರೆ ಮೇಷ್ಟ್ರು ತಮ್ಮ ಬ್ರೇಕು ಒತ್ತಿ ಅಂಗಡಿಯನ್ನೂ ಅವರನ್ನೂ ಉಳಿಸಬೇಕು, ಅದಿರುವುದೇ ಅದಕ್ಕೆ. ಬೇರೆ ಮೇಷ್ಟ್ರುಗಳು ಅದನ್ನು ಆಪತ್ತಿಗೆ ಮಾತ್ರ ಒತ್ತುತ್ತಾರೆ. ನಮ್ಮ ಮೇಷ್ಟ್ರಿಗೆ ಪಕ್ಕದಲ್ಲಿ ಇನ್ನೊಬ್ಬರು ಸ್ಟೇರಿಂಗ್ ಹಿಡಿದು ಕೂತಿದ್ದಾರೆ ಎಂಬುದೇ ಒಂದು ಆಪತ್ತು. ಹಾಗಾಗಿ ಅವರ ಬಲಗಾಲು ಆ ಬ್ರೇಕಿನ ಮೇಲಿಂದ ಇಳಿದದ್ದೇ ಇಲ್ಲ. ಜನ ತಮ್ಮನ್ನು ಬ್ರೇಕ್ ಮೇಷ್ಟ್ರು ಅಂತ ಕರೆಯುವುದು ಅವರ ಕಿವಿಗೂ ಬಿದ್ದಿತ್ತು. ಹೊಗಳಿಕೆ ಅಂದುಕೊಂಡಿದ್ದರು, ಪಾಪ.

ಆ ಕಾಲಿನ ಚಾಳಿ ಕಾರಿಗಷ್ಟೇ ನಿಂತಿದ್ದರೆ ಈ ಕತೆ ಹೇಳುವ ಪ್ರಮೇಯವೇ ಬರುತ್ತಿರಲಿಲ್ಲ. ಬಸ್ಸಿನಲ್ಲಿ ಕೂತರೆ ಅದು ಬಸ್ಸಿನ ನೆಲ ಒತ್ತುತ್ತಿತ್ತು. ಕ್ಷೌರದಂಗಡಿಯಲ್ಲಿ ಕತ್ತಿ ಕಿವಿಯ ಹತ್ತಿರ ಬಂದರೆ ಗಾಳಿಯನ್ನು ಒತ್ತುತ್ತಿತ್ತು. ಮನೆಯಲ್ಲಿ ಹೆಂಡತಿ ಲೋಟಕ್ಕೆ ಟೀ ಬಗ್ಗಿಸುವಾಗ ಮೇಜಿನಡಿ ಒತ್ತುತ್ತಿತ್ತು. ಮೇಜು ಸಣ್ಣಗೆ ಅಲುಗಿತೋ, ಇನ್ನು ಸಾಕು ಅಂತ ಅವಳಿಗೆ ಅರ್ಥ. ಬಾಯಿಬಿಟ್ಟು ಅವರೇನೂ ಅನ್ನುತ್ತಿರಲಿಲ್ಲ. ಅಂದಿದ್ದರೆ ತಿರುಗಿಸಿ ಒಂದು ಮಾತು ಆಡಬಹುದಿತ್ತು. ಕಾಲಿನ ಜೊತೆ ಯಾರು ಜಗಳ ಆಡುತ್ತಾರೆ ಹೇಳಿ!

ಮೇಷ್ಟ್ರ ಸ್ಕೂಲಿಗೆ ಒಳ್ಳೆಯ ಹೆಸರಿತ್ತು. ಅಲ್ಲಿ ಕಲಿತವರ ಕೈಯಲ್ಲಿ ಕಾರಿಗೆ ಒಂದು ಗೀರು ಬಿದ್ದದ್ದಿಲ್ಲ, ಒಂದು ಕೋಳಿ ಸತ್ತದ್ದಿಲ್ಲ. ತಂದೆತಾಯಿಗಳು ಮಕ್ಕಳನ್ನು ಕಣ್ಣುಮುಚ್ಚಿ ಕಳಿಸುತ್ತಿದ್ದರು. ತೊಂದರೆ ಶುರುವಾಗುತ್ತಿದ್ದದ್ದು ಲೈಸೆನ್ಸಿನ ಪರೀಕ್ಷೆಯ ದಿನ. ಪರೀಕ್ಷೆಯ ಕಾರು ಸರ್ಕಾರದ್ದು, ಅದರಲ್ಲಿ ಬ್ರೇಕು ಒಂದೇ. ಮೇಷ್ಟ್ರ ಶಿಷ್ಯರು ಚೆಂದಕ್ಕೆ ಗಾಡಿ ಹೊರಡಿಸಿ, ಚೆಂದಕ್ಕೆ ಗೇರು ಬದಲಿಸಿ, ನಾಲ್ಕು ದಾರಿ ಕೂಡುವಲ್ಲಿಗೆ ಬಂದು, ಗಾಡಿ ನಿಲ್ಲಲಿ ಅಂತ ಕಾಯುತ್ತಾ ಕೂರುತ್ತಿದ್ದರು. ಅಷ್ಟು ತಿಂಗಳು ಅದು ತಾನಾಗಿಯೇ ನಿಂತಿತ್ತಲ್ಲ! ಪರೀಕ್ಷೆ ಮಾಡುವ ಅಧಿಕಾರಿ ಹ್ಯಾಂಡ್‌ಬ್ರೇಕು ಎಳೆದು, ಬೆವರೊರೆಸಿಕೊಂಡು, ನೀನು ಬ್ರೇಕ್ ಮೇಷ್ಟ್ರ ಗಿರಾಕಿಯೇ ಅಂತ ಕೇಳುವುದು ವಾಡಿಕೆಯಾಗಿಹೋಗಿತ್ತು.

ಫೇಲಾದವರು ಮುಖ ಜೋಲು ಹಾಕಿಕೊಂಡು ವಾಪಸ್ ಬಂದರೆ ಮೇಷ್ಟ್ರು ಬೈಯುತ್ತಿರಲಿಲ್ಲ. ಒಂದು ನಿಟ್ಟುಸಿರು ಬಿಟ್ಟು, ಮತ್ತೆ ಶುರುವಿನಿಂದ ಅನ್ನುತ್ತಿದ್ದರು. ಶುರುವಿನಿಂದ ಅಂದರೆ ನಿಜವಾಗಿಯೂ ಶುರುವಿನಿಂದ. ಬಾಗಿಲು ಹೇಗೆ ತೆಗೆಯಬೇಕು, ಸೀಟು ಎಷ್ಟು ಹಿಂದಿರಬೇಕು, ಕನ್ನಡಿಯಲ್ಲಿ ಹಿಂದಿನ ಗಾಜು ಎಷ್ಟು ಕಾಣಬೇಕು. ಹೀಗೆ ಶುರುವಿನಿಂದಲೇ ಹಣ್ಣಾದ ಒಬ್ಬ ಶಿಷ್ಯ ಕೊನೆಗೆ ಸೋದರಮಾವನ ಹಳೇ ಕಾರಿನಲ್ಲಿ ಕಲಿತು ಪಾಸಾಗಿ, ಎದುರುಗಡೆಯೇ ಇನ್ನೊಂದು ಡ್ರೈವಿಂಗ್ ಸ್ಕೂಲು ತೆರೆದ. ಮಾತೆತ್ತಿದರೆ ಆರಾಮಾಗಿ, ಆರಾಮಾಗಿ ಅನ್ನುವವನಾದ್ದರಿಂದ ಅವನಿಗೆ ಆರಾಮಪ್ಪ ಅಂತ ಹೆಸರು ಬಿತ್ತು. ಅವನ ಶಿಷ್ಯರು ಅಲ್ಲಿ ಇಲ್ಲಿ ಒಂದೆರಡು ಕಸದ ಡಬ್ಬ ಉರುಳಿಸುತ್ತಿದ್ದರು, ಆಮೇಲೆ ಪಾಸಾಗುತ್ತಿದ್ದರು. ಕಲಿಸುವವನಿಗೆ ಶಿಸ್ತಿಲ್ಲ ಅಂತ ಮೇಷ್ಟ್ರಿಗೆ ಅವನ ಮೇಲೆ ಕನಿಕರ.

ಇನ್ನು ಮನೆಯ ಕಡೆ ಬರೋಣ. ಮೇಷ್ಟ್ರು ಕುಡಿಯುವವರಲ್ಲ, ಕೈಯೆತ್ತುವವರಲ್ಲ, ಕಟ್ಟೆಯ ಮೇಲೆ ಕೂತು ಹರಟುವವರಲ್ಲ. ಇಂಥ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಅಂತ ನೆರೆಯ ಹೆಂಗಸರು ಅವರ ಹೆಂಡತಿಗೆ ಹೇಳುತ್ತಿದ್ದರು. ಅವಳು ಹೂಂ ಅನ್ನುತ್ತಿದ್ದಳು. ಅವಳು ಪಾತ್ರೆ ತೊಳೆದಿಟ್ಟರೆ ಮೇಷ್ಟ್ರು ಬಂದು ಅವನ್ನೇ ಇನ್ನೊಮ್ಮೆ ತೊಳೆಯುತ್ತಿದ್ದರು. ಮಡಿಸಿಟ್ಟ ಬಟ್ಟೆಯನ್ನು ಬಿಡಿಸಿ, ಅಂಚಿಗೆ ಅಂಚು ಕೂಡಿಸಿ, ಮತ್ತೆ ಮಡಿಸುತ್ತಿದ್ದರು. ಬಾಗಿಲ ಹೊರಗಿನ ಚಪ್ಪಲಿಗಳು ಪರೇಡಿಗೆ ನಿಂತಂತೆ ನಿಲ್ಲಬೇಕು. ಅವಳು ಏನೇ ಮಾಡಲಿ, ಹಿಂದೆಯೇ ಆ ನಿಟ್ಟುಸಿರು ಬರುತ್ತಿತ್ತು. ಎಷ್ಟೋ ಸಲ ಅವಳು ಬೇಕೆಂದೇ ಕೆಲಸ ಬಿಟ್ಟು ಕೂತಳು. ಆಗ ಮೇಷ್ಟ್ರು ಒಂದು ಮಾತೂ ಆಡದೆ ತಾವೇ ಎಲ್ಲವನ್ನೂ ಮಾಡಿ, ಸುಸ್ತಾಗಿ, ಈ ಮನೆಯಲ್ಲಿ ನಾನೊಬ್ಬನೇ ಅನ್ನುವ ಮುಖ ಹೊತ್ತು ಮಲಗುತ್ತಿದ್ದರು. ಅದಕ್ಕಿಂತ ಪಾತ್ರೆ ತೊಳೆಯುವುದೇ ಮೇಲು ಅನ್ನಿಸುತ್ತಿತ್ತು.

ಒಬ್ಬಳೇ ಮಗಳು. ಚಿಕ್ಕವಳಿದ್ದಾಗ ಒಂದು ಮನೆಯ ಚಿತ್ರ ಬರೆದು ಅಪ್ಪನಿಗೆ ತೋರಿಸಿದ್ದಳು. ಗೋಡೆಗಳು ಒಂದಿಷ್ಟು ಸೊಟ್ಟಗಿದ್ದವು, ಮಕ್ಕಳು ಬರೆದ ಮನೆ ಇನ್ನು ಹೇಗಿರುತ್ತದೆ! ಮೇಷ್ಟ್ರು ಸ್ಕೇಲು ತಂದು, ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅಕ್ಕರೆಯಿಂದಲೇ ನಾಲ್ಕೂ ಗೋಡೆಗಳನ್ನು ನೇರ ಮಾಡಿಕೊಟ್ಟರು. ಅವಳು ಆಮೇಲೆ ಚಿತ್ರ ಬರೆಯಲಿಲ್ಲ. ದೊಡ್ಡವಳಾಗಿ ನರ್ಸಾದಳು, ಆಸ್ಪತ್ರೆ ಹತ್ತಿರ ಅಂತ ನೆವ ಹೇಳಿ ಬೇರೆ ಕೋಣೆ ಹಿಡಿದಳು. ಆಸ್ಪತ್ರೆ ಮನೆಯಿಂದ ಮೂರು ಬೀದಿ ಆಚೆಗಿತ್ತು.

ಹೆಂಡತಿಗೆ ಕಾರು ಕಲಿಯುವ ಆಸೆ ಮೊದಲಿಂದಲೂ ಇತ್ತು. ಕಲಿಸಿ ಅಂತ ಕೇಳಿದಾಗ ಮೇಷ್ಟ್ರು ಸಂತೋಷದಿಂದಲೇ ಒಪ್ಪಿದ್ದರು. ಆದರೆ ಮಳೆಗಾಲ ಮುಗಿದು ಚಳಿ ಶುರುವಾದರೂ ಅವಳು ಮೊದಲನೇ ಗೇರು ದಾಟಲಿಲ್ಲ. ಸೀಟು, ಕನ್ನಡಿ, ಬೆಲ್ಟು, ಮತ್ತೆ ಸೀಟು. ಕಾರು ಮನೆಯ ಬೀದಿಯ ತುದಿಯವರೆಗೂ ಹೋಗುವುದು, ಕುಯ್ ಅಂತ ನಿಲ್ಲುವುದು, ನಿಟ್ಟುಸಿರು, ಮತ್ತೆ ಶುರುವಿನಿಂದ. ಒಂದು ದಿನ ಅವಳು ಬೀಗದ ಕೈಯನ್ನು ಅವರ ಕೈಗೆ ಕೊಟ್ಟು, ನನಗೆ ಇದು ಹತ್ತೋದಿಲ್ಲ ಬಿಡಿ ಅಂದಳು. ಮೇಷ್ಟ್ರಿಗೂ ಹಾಗೇ ಅನ್ನಿಸಿತ್ತು, ಹೆಂಡತಿ ನೊಂದುಕೊಳ್ಳುತ್ತಾಳೆ ಅಂತ ಹೇಳಿರಲಿಲ್ಲ ಅಷ್ಟೇ.

ಇದಾಗಿ ಬಹಳ ದಿನದ ಮೇಲೆ ಒಂದು ಬೆಳಿಗ್ಗೆ ಮೇಷ್ಟ್ರು ಒಬ್ಬ ಶಿಷ್ಯನನ್ನು ಕೂರಿಸಿಕೊಂಡು ನಾಲ್ಕು ದಾರಿ ಕೂಡುವಲ್ಲಿಗೆ ಬರುತ್ತಿದ್ದರು. ಎದುರಿನಿಂದ ಆರಾಮಪ್ಪನ ಕಾರು ಬಂತು. ಒಬ್ಬ ಅಜ್ಜಿ ಕೋಲೂರಿಕೊಂಡು ದಾರಿ ದಾಟಲು ಕಾಲಿಟ್ಟಳು. ಆ ಕಾರು ಅವಳಿಂದ ಒಳ್ಳೇ ದೂರದಲ್ಲೇ ಮೆಲ್ಲಗೆ, ಒಂದು ಚೂರೂ ಮುಗ್ಗರಿಸದೆ ನಿಂತಿತು. ಇಷ್ಟು ವರ್ಷದಲ್ಲಿ ಅಂಥ ಹದವಾದ ಬ್ರೇಕನ್ನು ಮೇಷ್ಟ್ರು ತಮ್ಮ ಕಾಲನ್ನು ಬಿಟ್ಟರೆ ಬೇರೆಲ್ಲೂ ನೋಡಿರಲಿಲ್ಲ. ಭಲೇ ಅಂತ ಅವರ ಬಾಯಿಂದಲೇ ಬಂತು. ಆರಾಮಪ್ಪನೇ ಓಡಿಸುತ್ತಿರಬೇಕು ಅಂದುಕೊಂಡು ನೋಡಿದರೆ, ಅವನು ಪಕ್ಕದ ಸೀಟಿನಲ್ಲಿ ಕೈಕಟ್ಟಿ, ಚಕ್ಕಳಮಕ್ಕಳ ಹಾಕಿಕೊಂಡು ಕೂತಿದ್ದಾನೆ. ಸ್ಟೇರಿಂಗ್ ಹಿಡಿದು ಕೂತವಳು ಮೇಷ್ಟ್ರ ಹೆಂಡತಿ.

ಮೇಷ್ಟ್ರ ಕಾಲು ನೆಲ ಮುಟ್ಟುವ ಹಾಗೆ ಬ್ರೇಕಿನ ಮೇಲೆ ಬಿತ್ತು. ನಡುದಾರಿಯಲ್ಲಿ ಯಾವ ಕಾರಣವೂ ಇಲ್ಲದೆ ಕಾರು ಗಕ್ಕನೆ ನಿಂತಿತು, ಹಿಂದೆ ಬರುತ್ತಿದ್ದ ಬ್ರೆಡ್ಡಿನ ವ್ಯಾನು ಧಡ್ ಅಂತ ಗುದ್ದಿತು. ಸ್ಕೂಲಿನ ಇತಿಹಾಸದ ಮೊದಲನೇ ಅಪಘಾತವನ್ನು ಖುದ್ದು ಮೇಷ್ಟ್ರೇ ನೆರವೇರಿಸಿದರು. ನಾನೇನೂ ಮಾಡಲಿಲ್ಲ ಸಾರ್ ಅಂತ ಶಿಷ್ಯ ಅಳುವುದೊಂದು ಬಾಕಿ. ಅವನು ಹೇಳಿದ್ದು ನಿಜವೇ, ಆ ಕಾರಿನಲ್ಲಿ ಅವನು ಎಂದೂ ಏನೂ ಮಾಡಿರಲಿಲ್ಲ.

ಸಂಜೆ ಮನೆಯಲ್ಲಿ ಹೆಂಡತಿ ಕಾದು ಕೂತಿದ್ದಳು. ಮೇಷ್ಟ್ರು ಕೂಗಾಡುತ್ತಾರೆ, ಎದುರಿನವನ ಹತ್ತಿರ ಹೋಗಿ ನನ್ನ ಮಾನ ಕಳೆದೆ ಅನ್ನುತ್ತಾರೆ ಅಂತ ಎಲ್ಲದಕ್ಕೂ ಉತ್ತರ ತಯಾರು ಮಾಡಿಟ್ಟುಕೊಂಡಿದ್ದಳು. ಮೇಷ್ಟ್ರು ಬಂದರು, ಚಪ್ಪಲಿ ಬಿಟ್ಟರು, ಚಪ್ಪಲಿ ಜೋಡಿಸಿದರು, ಕೈಕಾಲು ತೊಳೆದು ಬಂದು ಕೂತರು. ನಿಜ ಹೇಳಬೇಕೆಂದರೆ ಅವರಿಗೆ ಆ ಬ್ರೇಕು ಇನ್ನೂ ಕಣ್ಣಿಗೆ ಕಟ್ಟಿದಂತಿತ್ತು. ಎಷ್ಟು ಚೆನ್ನಾಗಿ ನಿಲ್ಲಿಸಿದೆ ಅಂತ ಹೇಳಬೇಕು ಅಂತಲೇ ಬಾಯಿ ತೆರೆದರು. ಆ ಬಾಯಿಗೆ ಬೇರೆ ಅಭ್ಯಾಸ.

"ನಿನ್ನ ಸೀಟು ಒಂಚೂರು ಮುಂದಿತ್ತು" ಅಂದರು.

ಅವಳು ಅವರ ಮುಖವನ್ನೇ ನೋಡಿದಳು. "ಚೆನ್ನಾಗಿ ಓಡಿಸ್ದೆ ಅಂತ ಒಂದು ಮಾತು ಹೇಳಿ. ಒಂದೇ ಒಂದು ಮಾತು. ನಾನು ಎಲ್ಲಾ ಮರೆತುಬಿಡ್ತೀನಿ."

"ಚೆನ್ನಾಗೇ ಓಡಿಸ್ದೆ. ಸೀಟು ಮಾತ್ರ ಮುಂದಿತ್ತು."

ಒಂದು ಮಾತು ಕೇಳಿದವಳಿಗೆ ಎರಡು ಸಿಕ್ಕಿದವು. ಅವಳು ಎದ್ದುಹೋಗಿ ಮುಖ ತೊಳೆದುಕೊಂಡಳು, ಒರೆಸಿದ ಟವಲನ್ನು ಕುರ್ಚಿಯ ಬೆನ್ನಿಗೆ ಬಿಸಾಕಿದಳು, ಕೈಚೀಲಕ್ಕೆ ನಾಲ್ಕು ಬಟ್ಟೆ ತುರುಕಿದಳು. ಅಕ್ಕನ ಮನೆಗೆ ಹೋಗುತ್ತೇನೆ ಅಂದಳು. ಯಾವಾಗ ಬರುವುದು ಅಂತ ಮೇಷ್ಟ್ರು ಕೇಳಿದರು. "ನಿಮ್ಮ ಕಾಲು ಕೆಳಗಿಳಿದಾಗ" ಅಂದು ಹೊರಟೇಬಿಟ್ಟಳು.

ಅವಳಿಗೇನೋ ಆಗಿದೆ ಅಂತ ಮೇಷ್ಟ್ರಿಗೆ ಖಾತ್ರಿಯಾಯಿತು. ಮಗಳಿಗೆ ಫೋನು ಮಾಡಿ, ನಿಮ್ಮಮ್ಮನ ತಲೆ ಸರಿಯಿಲ್ಲ, ನಿಮ್ಮ ಆಸ್ಪತ್ರೆಯಲ್ಲಿ ಯಾರಾದರೂ ಒಳ್ಳೆಯ ಡಾಕ್ಟರಿದ್ದರೆ ನೋಡು ಅಂದರು. ಮಗಳು, ಇದ್ದಾರೆ ಅಪ್ಪ, ಮನಸ್ಸಿನ ಡಾಕ್ಟರು, ಅಮ್ಮನ ವಿಷಯ ಹೇಳೋಕೆ ಮೊದಲು ನೀವೇ ಒಂದ್ಸಲ ಬನ್ನಿ ಅಂದಳು. ಬುದ್ಧಿವಂತೆ. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಂಡತಿಯ ಲಕ್ಷಣಗಳನ್ನೆಲ್ಲ ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತಾ ಹೋದರು.

ಡಾಕ್ಟರಮ್ಮನ ಕೋಣೆಯಲ್ಲಿ ಗೋಡೆಗೊಂದು ಪಟ ತೂಗುಹಾಕಿದ್ದರು, ಒಂದು ಹಡಗಿನ ಚಿತ್ರ. ಅದು ಒಂದು ಕಡೆಗೆ ವಾಲಿತ್ತು. ಮೇಷ್ಟ್ರು ಕೂತರು, ಹೆಂಡತಿಯ ವಿಷಯ ಶುರು ಮಾಡಿದರು, ಪಟ ನೋಡಿದರು, ಮಾತು ಮರೆತರು. ಮತ್ತೆ ಶುರು ಮಾಡಿದರು, ಮತ್ತೆ ಪಟ ನೋಡಿದರು. ಕೊನೆಗೆ ಒಂದು ನಿಮಿಷ ಅಂತ ಎದ್ದುಹೋಗಿ ಪಟವನ್ನು ನೇರ ಮಾಡಿ, ಹಿಂದೆ ಸರಿದು ಒಂದು ಕಣ್ಣು ಮುಚ್ಚಿ ನೋಡಿ, ಇನ್ನೊಂಚೂರು ತಳ್ಳಿ, ಹಗುರಾಗಿ ಬಂದು ಕೂತರು. ಮಗಳು ನೆಲ ನೋಡುತ್ತಾ ಕೂತಿದ್ದಳು.

ಆಮೇಲೆ ಡಾಕ್ಟರಮ್ಮ ಹೆಂಡತಿಯ ವಿಷಯ ಬಿಟ್ಟು ಮೇಷ್ಟ್ರನ್ನೇ ಕೇಳತೊಡಗಿದರು. ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಡುತ್ತೀರಾ? ಅವರು ಸರಿಯಾಗಿ ಮಾಡಿದರೆ ಬಿಡುತ್ತೇನೆ. ಸರಿಯಾಗಿ ಮಾಡಿದವರು ಯಾರಾದರೂ ಇದ್ದಾರಾ? ಇಲ್ಲ. ರಜೆ ತೆಗೆದುಕೊಳ್ಳುತ್ತೀರಾ? ಒಂದು ಸಲ ಸಮುದ್ರ ನೋಡಲು ಹೋಗಿದ್ದೆ, ಮರಳು ಎಲ್ಲ ಕಡೆ ಮೆತ್ತಿಕೊಳ್ಳುತ್ತದೆ. ಎಲ್ಲ ಉತ್ತರವನ್ನೂ ಮೇಷ್ಟ್ರು ಹೆಮ್ಮೆಯಿಂದಲೇ ಕೊಟ್ಟರು. ಈ ಅಭ್ಯಾಸ ಯಾವಾಗಿನಿಂದ ಅಂತ ಕೇಳಿದಾಗ ಮಾತ್ರ ತಡವರಿಸಿದರು. ಚಿಕ್ಕಂದಿನಿಂದ ಅಂದರು. ತಮ್ಮ ಅಪ್ಪ ಕೆಲಸದಿಂದ ಬರುವಷ್ಟರಲ್ಲಿ ಮನೆಯಲ್ಲಿ ಎಲ್ಲ ಸರಿಯಾಗಿರಬೇಕಿತ್ತು, ಬಾಗಿಲಲ್ಲಿ ಒಂದು ಚಪ್ಪಲಿ ವಾರೆಯಾಗಿ ಕಂಡರೂ ಅಂದು ರಾತ್ರಿ ಯಾರಿಗೂ… ಅಷ್ಟಂದು ನಿಲ್ಲಿಸಿ, ಇರಲಿ ಬಿಡಿ, ಅದು ಹಳೇ ಮಾತು ಅಂದುಬಿಟ್ಟರು. ಮಗಳು ತಲೆ ಎತ್ತಿ ಅಪ್ಪನನ್ನು ನೋಡಿದಳು. ಈ ಮಾತನ್ನು ಅವಳು ಕೇಳಿದ್ದು ಅದೇ ಮೊದಲು.

ಡಾಕ್ಟರಮ್ಮ ನಿಧಾನವಾಗಿ ವಿವರಿಸಿದರು. ಅಚ್ಚುಕಟ್ಟಾಗಿರುವುದು ಕಾಯಿಲೆಯಲ್ಲ, ಅಚ್ಚುಕಟ್ಟಿಲ್ಲದ ನರ್ಸಿದ್ದರೆ ನನಗೂ ಕಷ್ಟವೇ ಅಂದರು. ಆದರೆ ಆ ಹಿಡಿತ ಒಂದು ಗೆರೆ ದಾಟಿ, ಎಲ್ಲಿ ಹೋದರೂ ಯಾರ ಜೊತೆ ಇದ್ದರೂ ಸಡಿಲವಾಗದೆ, ಮನೆ ಮುರಿಯುವ ಮಟ್ಟಕ್ಕೆ ಬಂದರೆ ಅದನ್ನು ವ್ಯಕ್ತಿತ್ವದ ತೊಂದರೆ ಅನ್ನುತ್ತಾರೆ. ಗೀಳು ಹಿಡಿದು ಪದೇ ಪದೇ ಕೈ ತೊಳೆಯುವ ರೋಗಿಗೆ ತಾನು ಮಾಡುತ್ತಿರುವುದು ಅತಿಯಾಯಿತು ಅಂತ ಸಾಮಾನ್ಯವಾಗಿ ಗೊತ್ತಿರುತ್ತದೆ, ಅವನೇ ಒದ್ದಾಡುತ್ತಾನೆ. ಇದು ಬೇರೆ. ಒಂದೇ ದಿನದಲ್ಲಿ ನಿಮಗೆ ಇಂಥದ್ದೇ ಅಂತ ಹೆಸರು ಹಚ್ಚುವುದಿಲ್ಲ, ಇನ್ನೂ ಮಾತಾಡಬೇಕು ಅಂತಲೂ ಹೇಳಿದರು.

"ಇದರಲ್ಲಿ ಒಂದು ವಿಚಿತ್ರ ಇದೆ ಮೇಷ್ಟ್ರೇ" ಅಂದರು. "ಇರೋರಿಗೆ ಇದು ಕಾಯಿಲೆ ಅನ್ಸೋದೇ ಇಲ್ಲ, ನಾನಿರೋದೇ ಹೀಗೆ ಅನ್ಸುತ್ತೆ. ಎಷ್ಟೋ ಸಲ ನೋವು ಪಕ್ಕದಲ್ಲಿ ಕೂತೋರಿಗೇ ಜಾಸ್ತಿ."

ಮೇಷ್ಟ್ರು ಜೋರಾಗಿ ತಲೆಯಾಡಿಸಿದರು. ಸತ್ಯವಾದ ಮಾತು, ನಮ್ಮ ಎದುರಿಗೆ ಆರಾಮಪ್ಪ ಅಂತ ಒಬ್ಬನಿದ್ದಾನೆ, ಅವನಿಗೆ ಇದನ್ನು ಹೇಳಬೇಕು ಅಂದರು. ಡಾಕ್ಟರಮ್ಮ ಮಗಳ ಮುಖ ನೋಡಿದರು, ಮಗಳು ಹಡಗಿನ ಪಟ ನೋಡಿದಳು.

ಕೊನೆಗೆ ಮಗಳು ಸುತ್ತಿ ಬಳಸದೆ ಕೇಳಿಯೇಬಿಟ್ಟಳು, ಅಪ್ಪ ಸರಿಹೋಗುತ್ತಾರಾ ಅಂತ. ಆ ಪ್ರಶ್ನೆ ಕೇಳಿದಾಗಲೇ ಮೇಷ್ಟ್ರಿಗೆ ಆ ಕೋಣೆಯಲ್ಲಿ ರೋಗಿ ತಾವೇ ಅಂತ ಹೊಳೆದದ್ದು. ಮುಖ ಇಷ್ಟು ಚಿಕ್ಕದಾಯಿತು. ಬೇರೆ ಮನುಷ್ಯರಾಗುವುದಿಲ್ಲ, ಆದರೆ ಹಿಡಿತ ಸಡಿಲಿಸುವುದನ್ನು ಕಲಿಯಬಹುದು, ನಿಧಾನಕ್ಕೆ, ವಾರವಾರ ಬಂದು ಕೂತರೆ, ಅಂದರು ಡಾಕ್ಟರಮ್ಮ. ಅಲ್ಲಿಯವರೆಗೆ ಮನೆಯಲ್ಲಿ ಮಾಡಲು ಒಂದು ಪಾಠ ಕೊಟ್ಟರು. ದಿನಕ್ಕೆ ತಪ್ಪಾಗಿರುವ ಒಂದು ವಸ್ತುವನ್ನು ಹಾಗೇ ಬಿಡಬೇಕು, ಸರಿ ಮಾಡಬಾರದು. ಹೆಂಡತಿ ಮನೆಗೆ ಬರುತ್ತಾಳಾ ಅಂತ ಮೇಷ್ಟ್ರು ಮೆಲ್ಲಗೆ ಕೇಳಿದರು. ಅದು ನನ್ನ ಕೈಲಿಲ್ಲ ಅಂದರು ಡಾಕ್ಟರಮ್ಮ.

ಪಾಠ ಅಂದಮೇಲೆ ಮುಗಿಯಿತು. ಪಾಠದಲ್ಲಿ ಮೇಷ್ಟ್ರನ್ನು ಮೀರಿಸಿದವರುಂಟೆ? ಮನೆಗೆ ಬಂದು ಹುಡುಕಿದರೆ ತಪ್ಪಾಗಿರುವ ವಸ್ತು ಒಂದೂ ಸಿಗಲಿಲ್ಲ. ಆದ್ದರಿಂದ ತಾವೇ ತಪ್ಪು ಮಾಡಬೇಕಾಗಿ ಬಂತು. ಒಂದು ಚಪ್ಪಲಿಯನ್ನು ವಾರೆಯಾಗಿಟ್ಟರು. ವಾರೆ ಕಡಿಮೆಯಾಯಿತು ಅನ್ನಿಸಿತು, ಸ್ವಲ್ಪ ತಿರುಗಿಸಿದರು. ಈಗ ಅತಿಯಾಯಿತು. ಬಗ್ಗಿ ಎದ್ದು, ಎದ್ದು ಬಗ್ಗಿ, ವಾರೆ ಅನ್ನುವುದು ಸರಿಯಾಗಿ ಬರುವ ಹೊತ್ತಿಗೆ ಸೊಂಟ ಹಿಡಿದುಕೊಂಡಿತ್ತು. ಮರುದಿನ ಚಮಚಗಳ ನಡುವೆ ಒಂದನ್ನು ತಲೆಕೆಳಗು ಮಾಡಿದರು, ಅದರ ಮರುದಿನ ಕಿಟಕಿಯ ಪರದೆಯನ್ನು ಅರ್ಧಕ್ಕೆ ಬಿಟ್ಟರು. ಒಂದು ಸಂಜೆ ಮಗಳು ಬಂದವಳು ಕಾಲಿಗೆ ತೊಡರಿದ ಚಪ್ಪಲಿಯನ್ನು ಸುಮ್ಮನೆ ಜೋಡಿಸಿಟ್ಟು ಒಳಗೆ ಬಂದಳು. ನಾನು ಕಷ್ಟಪಟ್ಟು ಮಾಡಿದ ತಪ್ಪನ್ನು ಯಾಕೆ ಸರಿ ಮಾಡಿದೆ ಅಂತ ಮೇಷ್ಟ್ರು ರೇಗಿದರು. ಮಗಳು ಬಾಗಿಲಿಗೊರಗಿ ನಕ್ಕಳು, ಆ ಮನೆಯಲ್ಲಿ ಅವಳು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ. ಮೇಷ್ಟ್ರು ನಗಲಿಲ್ಲ, ಹೋಗಿ ಚಪ್ಪಲಿಯನ್ನು ಮತ್ತೆ ವಾರೆ ಮಾಡಿ ಬಂದರು.

ಆದರೂ ಮನೆ ಬಿಕೋ ಅನ್ನುತ್ತಿತ್ತು. ಪಾತ್ರೆಯನ್ನು ಒಂದೇ ಸಲ ತೊಳೆದರೆ ಸಾಕಾಗುತ್ತಿತ್ತು, ಮಡಿಸಿದ ಬಟ್ಟೆ ಮಡಿಸಿದಂತೆಯೇ ಇರುತ್ತಿತ್ತು. ಎಲ್ಲವೂ ಅವರು ಬಯಸಿದ ಹಾಗೇ ಇತ್ತು, ಅದೇ ತಡೆಯಲಾಗುತ್ತಿರಲಿಲ್ಲ. ಮೇಜಿನ ಮೇಲೆ ಒಂದೇ ಲೋಟ. ತಮಗೆ ತಾವೇ ಟೀ ಬಗ್ಗಿಸಿಕೊಳ್ಳುವಾಗ ಕಾಲು ಏನೂ ಒತ್ತಲಿಲ್ಲ, ಟೀ ಮೇಜಿನ ಮೇಲೆ ಚೆಲ್ಲಿತು. ಅಂದು ಮೇಷ್ಟ್ರಿಗೆ ಹೆಂಡತಿ ಬೇಕು ಅನ್ನಿಸಿತು, ಬಾಯಿಬಿಟ್ಟು ಅಳುವಷ್ಟು ಬೇಕು ಅನ್ನಿಸಿತು. ಅತ್ತರೋ ಇಲ್ಲವೋ ನೋಡಿದವರಿಲ್ಲ.

ಮಗಳು ಬಂದಾಗೆಲ್ಲ ಒಂದು ವಿಷಯ ಗಮನಿಸುತ್ತಿದ್ದಳು. ಅಮ್ಮ ಹೋಗುವಾಗ ಕುರ್ಚಿಯ ಬೆನ್ನಿಗೆ ಬಿಸಾಕಿದ ಟವಲು ಅಲ್ಲೇ ಇತ್ತು, ಮುದ್ದೆಯಾಗಿ, ಒಣಗಿ ಸೆಟೆದು. ಒಂದು ದಿನ ಅದನ್ನು ಒಗೆಯಲೆಂದು ಎತ್ತಿಕೊಳ್ಳಹೋದಳು.

"ಅದು ಇರ್ಲಿ" ಅಂದರು ಮೇಷ್ಟ್ರು.

ಡಾಕ್ಟರು ಹೇಳಿದ ಪಾಠವಾ ಅಂತ ಅವಳು ಕೇಳಿದಳು. ಅಲ್ಲ, ಇವತ್ತಿನ ಪಾಠ ಅಡುಗೆಮನೆಯಲ್ಲಿದೆ ಅಂದರು. ಮತ್ತೆ ಇದ್ಯಾಕೆ ಅಂದರೆ ಅವರಿಗೂ ಗೊತ್ತಿರಲಿಲ್ಲ. ಎಷ್ಟೋ ಸಲ ಕೈ ಅದರ ಹತ್ತಿರ ಹೋಗಿತ್ತು. ಮಡಿಸಿಟ್ಟುಬಿಟ್ಟರೆ ಅವಳು ಪೂರ್ತಿ ಹೊರಟುಹೋದ ಹಾಗೆ ಆಗುತ್ತದೆ ಅಂತ ಅನ್ನಿಸಿ ಕೈ ಹಿಂದೆ ಬಂದಿತ್ತು. ಇದನ್ನೆಲ್ಲ ಅವರು ಮಗಳಿಗೆ ಹೇಳಲಿಲ್ಲ. ಮಗಳು ತನ್ನ ಕೋಣೆಗೆ ಹೋದವಳೇ ಅಮ್ಮನಿಗೆ ಫೋನು ಮಾಡಿ ಟವಲಿನ ವಿಷಯ ಹೇಳಿದಳು.

ಹೆಂಡತಿಯಿಂದ ಬುಲಾವು ಬಂತು. ಭಾನುವಾರ ಅಕ್ಕನ ಕಾರು ತೆಗೆದುಕೊಂಡು ಬರುತ್ತಾಳೆ, ಮೇಷ್ಟ್ರು ಪಕ್ಕದಲ್ಲಿ ಕೂರಬೇಕು. ಕೆರೆಯವರೆಗೆ ಹೋಗಿ ವಾಪಸ್ ಮನೆಗೆ. ಅಷ್ಟು ದಾರಿಯಲ್ಲಿ ಒಂದೇ ಒಂದು ತಪ್ಪನ್ನೂ ತಿದ್ದದೆ ಇದ್ದರೆ ಅವಳು ಚೀಲ ಸಮೇತ ಮನೆಯೊಳಗೆ ಬರುತ್ತಾಳೆ. ಆಗಲಿ ಅಂದರು ಮೇಷ್ಟ್ರು. ಶನಿವಾರವೆಲ್ಲ ಕನ್ನಡಿಯ ಮುಂದೆ ಬಾಯಿ ಮುಚ್ಚಿಕೊಂಡು ಕೂರುವ ಅಭ್ಯಾಸ ಮಾಡಿದರು.

ಭಾನುವಾರ ಬೆಳಿಗ್ಗೆ ಕಾರು ಬಂದು ಗೇಟಿನ ಮುಂದೆ ನಿಂತಿತು. ಹಿಂದಿನ ಸೀಟಿನಲ್ಲಿ ಅದೇ ಕೈಚೀಲ, ಹೊಟ್ಟೆ ತುಂಬಿಸಿಕೊಂಡು ಕೂತಿತ್ತು. ಮೇಷ್ಟ್ರು ಅದನ್ನು ಎರಡೆರಡು ಸಲ ನೋಡಿದರು. ಪಕ್ಕದಲ್ಲಿ ಕೂತು ಬೆಲ್ಟು ಹಾಕಿಕೊಂಡರು. ಕಾಲಡಿ ನೋಡಿದರು. ಬರೀ ಮ್ಯಾಟು.

ಹೊರಟರು. ಕ್ಲಚ್ಚು ಒಂಚೂರು ಬೇಗ ಬಿಟ್ಟಳು, ಮೇಷ್ಟ್ರು ಉಗುಳು ನುಂಗಿದರು. ಎರಡನೇ ಗೇರಿನಲ್ಲೇ ಜಾಸ್ತಿ ದೂರ ಎಳೆದಳು, ಕಿಟಕಿಯಾಚೆ ನೋಡಿದರು. ಕಾಲು ಮಾತ್ರ ಮ್ಯಾಟನ್ನು ಒತ್ತುತ್ತಲೇ ಇತ್ತು. ಹೆಂಡತಿ ಓರೆಗಣ್ಣಿನಿಂದ ನೋಡಿದಳು, ಕಾಲಿಗೆ ಮಾಫಿ ಕೊಟ್ಟಳು. ಅಂಚೆ ಕಚೇರಿ ದಾಟಿತು, ಬಟ್ಟೆ ಅಂಗಡಿಗಳ ಬೀದಿ ದಾಟಿತು, ಎದುರಿನಿಂದ ಬಂದ ಲಾರಿಯೂ ದಾಟಿತು. ಕೆರೆಯ ಏರಿಯ ಮೇಲೆ ಬರುವಾಗ ಪೊದೆಯಿಂದ ಒಂದು ನಾಯಿ ಧುತ್ತನೆ ನುಗ್ಗಿತು. ಮೇಷ್ಟ್ರ ಕಾಲು ನೆಲಕ್ಕೆ ಬಡಿಯಿತು. ಬಡಿಯುವ ಹೊತ್ತಿಗೆ ಕಾರು ಆಗಲೇ ನಿಂತಿತ್ತು. ಅವಳ ಕಾಲು ಅವರ ಕಾಲಿಗಿಂತ ಮೊದಲು ಹೋಗಿತ್ತು.

ನಾಯಿ ಬಾಲ ಅಲ್ಲಾಡಿಸಿಕೊಂಡು ದಾಟಿತು. ಮೇಷ್ಟ್ರು ತಮ್ಮ ಕಾಲನ್ನೇ ನೋಡುತ್ತಾ ಕೂತರು. ಇಷ್ಟು ವರ್ಷ ತಾವು ಒತ್ತದಿದ್ದರೆ ಪ್ರಪಂಚ ನಿಲ್ಲುವುದಿಲ್ಲ ಅಂತ ನಂಬಿದ್ದ ಮನುಷ್ಯ. ಅವಮಾನ ಆಗಬೇಕಿತ್ತು, ಆಗಲಿಲ್ಲ. ಮೈಯೆಲ್ಲ ಹಗುರಾದ ಹಾಗಾಯಿತು.

"ಚೆನ್ನಾಗಿ ನಿಲ್ಲಿಸ್ದೆ" ಅಂದರು. ಅಷ್ಟೇ. ಅದರ ಹಿಂದೆ ಇನ್ನೊಂದು ಮಾತು ಬರಲಿಲ್ಲ.

ಅವಳು ಕಾದಳು, ಬರುತ್ತದೆ ಅಂತಲೇ ಕಾದಳು. ಬರದಿದ್ದಾಗ ಕಣ್ಣು ಮಂಜಾಯಿತು, ಸೆರಗಿನಲ್ಲಿ ಒರೆಸಿಕೊಂಡು ಗೇರು ಹಾಕಿದಳು. ವಾಪಸ್ ಬರುವಾಗ ಇಬ್ಬರೂ ಏನೇನೋ ಮಾತಾಡಿಕೊಂಡರು, ಅಕ್ಕನ ಮಂಡಿನೋವು, ಮಗಳ ರಾತ್ರಿ ಪಾಳಿ. ಮೇಷ್ಟ್ರ ಕಾಲು ಒಂದೊಂದು ಸಲ ಮರೆತು ಸುಮ್ಮನಿರುತ್ತಿತ್ತು. ಹೀಗೆ ಮನೆ ಬಂತು, ಗೇಟು ಬಂತು, ಕಾರು ಒಳಗೆ ಬಂದು ಅಂಗಳದಲ್ಲಿ ನಿಂತಿತು. ಅವಳು ಬೆಲ್ಟು ಬಿಚ್ಚಿ, ಇಂಜಿನ್ ನಿಲ್ಲಿಸದೆಯೇ ಹಿಂದಿನ ಸೀಟಿನ ಚೀಲಕ್ಕೆ ಕೈ ಹಾಕಿದಳು.

ಮೇಷ್ಟ್ರು ಬಾಗಿಲು ತೆಗೆದು ಕೆಳಗೆ ನೋಡಿದರು. ಪರೀಕ್ಷೆ ಮುಗಿದಿದೆ ಅಂತ ಅವರ ಲೆಕ್ಕ. ಮನಸ್ಸು ಎಷ್ಟು ಸಂತೋಷವಾಗಿತ್ತು ಅಂದರೆ, ಬಾಯಿ ಕಾಯುವುದನ್ನೇ ಮರೆತಿದ್ದರು.

"ಗಾಡಿ ಒಂಚೂರು ವಾರೆ ನಿಂತಿದೆ" ಅಂದರು.

ಚೀಲದ ಮೇಲಿದ್ದ ಕೈ ಅಲ್ಲೇ ನಿಂತಿತು. ಅವಳು ಸಿಟ್ಟು ಮಾಡಿಕೊಳ್ಳಲಿಲ್ಲ, ಮುಖ ಸಿಂಡರಿಸಲಿಲ್ಲ. ಹೌದಾ, ಇಳಿದು ನಿಂತು ಹೇಳಿ, ನೇರ ಮಾಡ್ತೀನಿ ಅಂದಳು. ಮೇಷ್ಟ್ರು ಉತ್ಸಾಹದಿಂದ ಇಳಿದು, ಕಾರಿನ ಮುಂದೆ ನಿಂತು, ಎರಡೂ ಕೈ ಎತ್ತಿದರು. ಹಿಂದಕ್ಕೆ ತಗೋ, ಇನ್ನೂ ಸ್ವಲ್ಪ, ಹಾಗೇ ಬಿಡು, ನೇರ ಮಾಡು ಸ್ಟೇರಿಂಗು. ಕಾರು ಹಿಂದಕ್ಕೆ ಹೋಯಿತು, ದಾರ ಹಿಡಿದಷ್ಟು ನೇರವಾಗಿ ಹೋಯಿತು. ಸಾಕು ಅಂದರು. ಅದು ಇನ್ನೂ ಹೋಯಿತು. ಗೇಟು ದಾಟಿ ಬೀದಿಗೆ ಇಳಿದು ನಿಂತಿತು.

ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಇವತ್ತು ಆಗ್ಲಿಲ್ಲ ಮೇಷ್ಟ್ರೇ" ಅಂದಳು. "ಮುಂದಿನ ಭಾನುವಾರ ಬರ್ತೀನಿ. ಮತ್ತೆ ಶುರುವಿಂದ."

ಮೇಷ್ಟ್ರ ಎತ್ತಿದ ಕೈಗಳು ಎತ್ತಿದಂತೆಯೇ ಇದ್ದವು. ಕಾರು ಹೊರಟಿತು, ಹಿಂದಿನ ಗಾಜಿನಲ್ಲಿ ಚೀಲ ಕಾಣುತ್ತಿತ್ತು. ತಿರುವು ಮುಗಿದರೂ ಅವಳು ಇಂಡಿಕೇಟರ್ ಆರಿಸಿರಲಿಲ್ಲ, ಅದು ಬೀದಿಯುದ್ದಕ್ಕೂ ಮಿಣಮಿಣ ಅನ್ನುತ್ತಲೇ ಹೋಯಿತು. ಕೂಗಿ ಹೇಳಲು ಮೇಷ್ಟ್ರು ಬಾಯಿ ತೆರೆದರು. ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡರು. ಐದು ನಿಮಿಷ ಮೊದಲು ಮುಚ್ಚಿದ್ದರೆ ಈ ಹೊತ್ತಿಗೆ ಮೇಜಿನ ಮೇಲೆ ಎರಡು ಲೋಟ ಇರುತ್ತಿದ್ದವು. ಗೇಟಿನ ಬಳಿ ಮಣ್ಣಿನ ಮೇಲೆ ಅವರ ಬಲಗಾಲು ತನ್ನಷ್ಟಕ್ಕೆ ಒತ್ತುತ್ತಿತ್ತು, ಇದ್ದಬದ್ದ ಶಕ್ತಿಯೆಲ್ಲ ಹಾಕಿ ಒತ್ತುತ್ತಿತ್ತು. ಕಾರು ನಿಲ್ಲಲಿಲ್ಲ.